ನಲವತ್ತು ಮನೆಗೆ ಒಂದೇ ಕೀಲಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೆಚ್ಚುಕಮ್ಮಿ ಮೊನ್ನೆ, ಐದಂತಸ್ತಿನ ಒಂದು ಕೋಟೆಯಿತ್ತು. ಕೋಟೆಗೆ ಲಿಫ್ಟಿತ್ತು; ಮೇಲೆ ಹೋದರೆ ಕೆಳಗಿಳಿಯಲು ಅದು ಮನಸ್ಸು ಮಾಡುತ್ತಿರಲಿಲ್ಲ. ಕೋಟೆಯಲ್ಲಿ ನಲವತ್ತು ಮನೆ, ನಲವತ್ತು ಬಾಗಿಲು, ಅಷ್ಟೂ ಬಾಗಿಲಿಗೆ ಒಬ್ಬನೇ ದ್ವಾರಪಾಲಕ. ಅವನಿಗೆ ಗದೆಯಿರಲಿಲ್ಲ, ಕೋರೆಹಲ್ಲಿರಲಿಲ್ಲ. ಮೂಗಿನ ತುದಿಗೆ ಜಾರುವ ಕನ್ನಡಕ, ಸೊಂಟದಲ್ಲಿ ಹೆಜ್ಜೆಗೊಮ್ಮೆ ಝಣ್ ಎನ್ನುವ ಕೀಲಿಗೊಂಚಲು, ಆ ಗೊಂಚಲಿನಲ್ಲಿ ಕೆಂಪು ದಾರ ಕಟ್ಟಿದ ಒಂದು ಕೀಲಿ. ಅವನ ಆಯುಧಶಾಲೆ ಇಷ್ಟೇ.

ಅವನು ಆ ಕಟ್ಟಡದ ಕೆಳಗೇ ಬೀಗ ರಿಪೇರಿಯ ಅಂಗಡಿ ಇಟ್ಟಿದ್ದ. ಹೆಂಡತಿಯ ತಂಗಿ ಚಿಕ್ಕವಳಿದ್ದಾಗ 'ಕೀಲಿ ಭಾವ' ಎಂದು ಕರೆದದ್ದು ಮೆಟ್ಟಿಲು ಹತ್ತಿ ಎಲ್ಲ ಮಹಡಿಗೂ ಹರಡಿ, ಈಗ ಅಂಚೆಯವನಿಗೂ ಅವನು ಭಾವ, ಅವನಿಗಿಂತ ಬಹಳ ದೊಡ್ಡವರಾದ ಮೂರನೇ ಮಹಡಿಯ ನಿವೃತ್ತ ಹೆಡ್ಮಾಸ್ತರಿಗೂ ಭಾವ.

ಆ ಕಟ್ಟಡದವರಿಗೆ ಒಂದು ವಿದ್ಯೆ ಚೆನ್ನಾಗಿ ಒಲಿದಿತ್ತು: ಕೀಲಿ ಕಳೆಯುವುದು. ಬೆಳಿಗ್ಗೆ ಪೇಪರ್ ಎತ್ತಿಕೊಳ್ಳಲು ಹೊರಗೆ ಬಂದ ಯಾರಾದರೊಬ್ಬರ ಹಿಂದೆ ಬಾಗಿಲು ಧಡಾರನೆ ಮುಚ್ಚಿಕೊಳ್ಳುತ್ತಿತ್ತು. ಅವರು ಟವೆಲ್ಲಿನಲ್ಲಿ ನಿಂತು 'ಭಾವಾ!' ಎಂದು ಕೂಗಿದರೆ, ಕೀಲಿ ಭಾವ ಕಥೆಯ ರಾಜಕುಮಾರನ ಹಾಗೆ ಮೆಟ್ಟಿಲೇರಿ ಬಂದು, ಕೆಂಪು ದಾರದ ಕೀಲಿಯನ್ನು ಒಂದು ಸುತ್ತು ತಿರುಗಿಸುತ್ತಿದ್ದ. ನಲವತ್ತೂ ಬಾಗಿಲಿಗೆ ಅದೊಂದೇ ಕೀಲಿ ಆಗುವಂತೆ ಬೀಗಗಳನ್ನು ಹೊಂದಿಸಿಟ್ಟವನೂ ಅವನೇ.

"ಕೀಲಿ ಜಾಸ್ತಿಯಾದಷ್ಟೂ ಕಳೆಯೋದು ಜಾಸ್ತಿ ಮೇಷ್ಟ್ರೇ," ಎನ್ನುತ್ತಿದ್ದ. "ಲೋಕಕ್ಕೆಲ್ಲ ಒಂದೇ ಕೀಲಿ ಇರಬೇಕು. ಅದು ನನ್ನ ಸೊಂಟದಲ್ಲಿರಬೇಕು."

"ಎಂಥಾ ಮಾತು!" ಎಂದು ಹೆಡ್ಮಾಸ್ತರು ಟವೆಲ್ಲು ಬಿಗಿಮಾಡಿಕೊಳ್ಳುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಹೇಳಲು ಕಥೆಯೇನೂ ಇರುತ್ತಿರಲಿಲ್ಲ. ಆದರೆ ಪಕ್ಕದ ಬೀದಿಯ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವನು ಅಂಗಡಿ ಮುಚ್ಚುವಾಗ, ಬಾಗಿಲಿಗೆ ಹಾಕುವ ಪುಟ್ಟ ಕ್ಯಾಮೆರಾಗಳ ದೊಡ್ಡದೊಂದು ಪೆಟ್ಟಿಗೆ ಕೀಲಿ ಭಾವನ ಪಾಲಿಗೆ ಬಂತು. ಒಂದು ಭಾನುವಾರ ಅವನು ನಲವತ್ತೂ ಬಾಗಿಲ ನೆತ್ತಿಯ ಮೇಲೆ ಒಂದೊಂದು ಕ್ಯಾಮೆರಾ ಕೂರಿಸಿ, ಎಲ್ಲವನ್ನೂ ಕಟ್ಟಡದ ಇಂಟರ್ನೆಟ್ಟಿಗೆ ಸೇರಿಸಿದ. ಪ್ರತಿಯೊಂದರಲ್ಲೂ ಒಂದು ಹಸಿರು ದೀಪ. ಸಂಜೆಯ ಹೊತ್ತಿಗೆ 'ಬೀಗ ರಿಪೇರಿ' ಎಂಬ ಹಲಗೆ ಇಳಿದು, 'ಜಾಗತಿಕ ಭದ್ರತಾ ತಜ್ಞರು' ಎಂಬ ಹಲಗೆ ಏರಿತು. ಅಂಗಡಿಗಿಂತ ಹಲಗೆ ಉದ್ದವಾಗಿ, ಕೊನೆಯ ಎರಡಕ್ಷರ ಪಕ್ಕದ ಕ್ಷೌರದಂಗಡಿಯ ಮೇಲೆ ಹೋಗಿ ಕುಳಿತವು.

ಅದನ್ನೆಲ್ಲ ನೋಡಲು ನಾದಿನಿ ಬಂದಿದ್ದಳು. ಅವಳದೂ ಒಂದು ಥರದ ಕಾವಲಿನ ಕೆಲಸವೇ. ಇಂಟರ್ನೆಟ್ಟಿನಲ್ಲಿ ಜನರಿಗೆ ಬೇಕಾದ ತಾಣಗಳನ್ನು, ಬ್ಯಾಂಕಿರಲಿ, ಶಾಲೆಯಿರಲಿ, ಪುಂಡರು ಕೆಡವದ ಹಾಗೆ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಅವಳಿದ್ದಳು. 'ಅವಳಿಗೆ ಬಾಗಿಲ ಬಗ್ಗೆ ಮೊದಲ ಪಾಠ ಹೇಳಿಕೊಟ್ಟವನು ನಾನು' ಎಂದು ಭಾವ ಎಲ್ಲರಿಗೂ ಹೇಳುತ್ತಿದ್ದ.

"ಭಾವ, ಇವಕ್ಕೆ ಪಾಸ್‌ವರ್ಡ್ ಏನಿಟ್ಟಿದೀರಿ?"

"ಫ್ಯಾಕ್ಟರಿಯಿಂದ ಬಂದದ್ದೇ. ಒಂದು, ಎರಡು, ಮೂರು, ನಾಲ್ಕು."

"ನಲವತ್ತಕ್ಕೂ?"

"ನಲವತ್ತಕ್ಕೂ! ಮಾಸ್ಟರ್ ಕೀ!"

ನಾದಿನಿ ಹಣೆಗೆ ಕೈ ಹಚ್ಚಿದಳು. "ಆ ಫ್ಯಾಕ್ಟರಿ ಮಾಡಿದ ಕ್ಯಾಮೆರಾಗೆಲ್ಲ ಅದೇ ಇರುತ್ತೆ ಭಾವ. ಅಂದ್ರೆ ನಿಮ್ಮ ಮಾಸ್ಟರ್ ಕೀ ಲೋಕದಲ್ಲಿ ಎಲ್ಲರ ಹತ್ತಿರನೂ ಇದೆ."

"ಇದ್ರೇನು? ಎಲ್ಲರೂ ನನ್ನಷ್ಟು ಚುರುಕಾಗಿರ್ತಾರಾ?"

"ಒಂದೊಂದು ಮನೆಗೆ ಒಂದೊಂದು ಪಾಸ್‌ವರ್ಡ್ ಇಡಿ. ಇಡ್ತೀನಿ ಅಂತ ಮಾತು ಕೊಡಿ."

"ಆಯ್ತಮ್ಮ ತಾಯಿ, ಕೊಟ್ಟೆ. ಕಾಫಿ ಕುಡಿದು ಬದಲಿಸ್ತೀನಿ."

ಯಾವ ಕಾಫಿ ಎಂದು ಅವನು ಹೇಳಿರಲಿಲ್ಲ. ಆಮೇಲೆ ಅವನು ಎಷ್ಟೋ ಕಾಫಿ ಕುಡಿದ.

ಇನ್ನು ಅತ್ತೆಯ ವಿಷಯ. ಅತ್ತೆ ಎಂದರೆ ಅವನ ಹೆಂಡತಿಯ ತಾಯಿ. ಅದೇ ಮನೆಯಲ್ಲಿದ್ದು, ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಮೇಲೆ ಇಡೀ ಕಟ್ಟಡಕ್ಕೆ ಬಟ್ಟೆ ಹೊಲಿಯುತ್ತಿದ್ದವರು. ವರ್ಷದ ಹಿಂದೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಹೆಡ್ಮಾಸ್ತರ ಅಂಗಿಗೆ ಜೇಬು ಬೆನ್ನಿನ ಮೇಲೆ ಬಂತು. ಮಾಸ್ತರು ಪಾಪ, ಸಂಕೋಚದಿಂದ ಅದನ್ನೇ ಹಾಕಿಕೊಂಡು, ಪೆನ್ನು ಬೇಕಾದಾಗ ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಿದ್ದರು. ಅತ್ತೆ ಸೂಜಿಗೆ ದಾರ ಪೋಣಿಸಲು ಕೂತರೆ, ದಾರ ಸೂಜಿಯ ಆ ಕಡೆಯಿಂದಲೂ ಈ ಕಡೆಯಿಂದಲೂ ಹೋಗುತ್ತಿತ್ತು, ತೂತಿನಲ್ಲಿ ಮಾತ್ರ ಹೋಗುತ್ತಿರಲಿಲ್ಲ.

"ನಾನು ಪೋಣಿಸಿಕೊಡ್ತೀನಿ ಕೊಡಮ್ಮ," ಎಂದು ಮಗಳು ಕೈ ಚಾಚಿದರೆ, "ಇನ್ನೊಬ್ಬರ ಕೈಯಲ್ಲಿ ದಾರ ಪೋಣಿಸಿಕೊಂಡು ಹೊಲಿಯೋದಕ್ಕಿಂತ ಯಂತ್ರಕ್ಕೆ ಬಟ್ಟೆ ಹೊದಿಸಿ ಸುಮ್ಮನಿರ್ತೀನಿ," ಎಂದರು ಅತ್ತೆ. ಮತ್ತು ನಿಜವಾಗಿಯೂ ಹೊದಿಸಿದರು. ಯಂತ್ರದ ಸದ್ದಿಲ್ಲದ ಮನೆಯಲ್ಲಿ ಕೀಲಿ ಭಾವನಿಗೆ ಮಧ್ಯಾಹ್ನದ ನಿದ್ದೆ ಬರುವುದೇ ನಿಂತುಹೋಯಿತು.

ಕಣ್ಣಾಸ್ಪತ್ರೆಗೆ ದೂರದಿಂದ ಒಬ್ಬರು ದೊಡ್ಡ ಡಾಕ್ಟರು ಬರುವುದಿತ್ತು. ವರ್ಷಕ್ಕೊಮ್ಮೆ ಬಂದು, ಕೆಲವೇ ದಿನ ಇದ್ದು, ಅತ್ತೆಯಂಥ ಕಷ್ಟದ ಕಣ್ಣುಗಳನ್ನು ನೋಡಿ ಹೋಗುವವರು. ಅವರ ಸರದಿಯ ಚೀಟಿ ಸಿಗುವುದು ಆಸ್ಪತ್ರೆಯ ತಾಣದಲ್ಲಿ ಮಾತ್ರ, ಅದೂ ವರ್ಷಕ್ಕೆ ಒಂದೇ ದಿನ. ಅಂದು ತಪ್ಪಿದರೆ ಹೊಲಿಗೆ ಯಂತ್ರ ಇನ್ನೊಂದು ವರ್ಷ ಮುಸುಕು ಹೊದ್ದು ಮಲಗಬೇಕು.

ಆ ದಿನ ಬಂತು. ಹೆಂಡತಿ ಬೆಳಿಗ್ಗೆಯೇ ತಲೆ ಬಾಚಿ, ಫೋನನ್ನು ಸೆರಗಿನಲ್ಲಿ ಒರೆಸಿ, ತಾಣ ತೆರೆದಳು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು.

"ರೀ, ತಿರುಗ್ತಾನೇ ಇದೆ."

"ತಿರುಗಲಿ. ದೊಡ್ಡ ಡಾಕ್ಟ್ರಲ್ವಾ, ಸ್ವಲ್ಪ ಬಿಂಕ ಇರುತ್ತೆ."

ಚಕ್ರ ತಿರುಗಿ ತಿರುಗಿ, 'ತಾಣ ಸಿಗುತ್ತಿಲ್ಲ' ಎಂದಿತು. ಅಷ್ಟರಲ್ಲಿ ಹೆಡ್ಮಾಸ್ತರು ಓಡಿಬಂದರು. "ಭಾವ, ನನ್ನ ಟೀವಿ ನಿಂತುಹೋಯ್ತು. ಇಡೀ ಬಿಲ್ಡಿಂಗಿನ ಇಂಟರ್ನೆಟ್ಟು ಏದುಸಿರು ಬಿಡ್ತಿದೆ. ಮತ್ತೆ ಹೊರಗೆ ಬಂದು ನೋಡಿ, ನಿಮ್ಮ ಕ್ಯಾಮೆರಾಗಳಿಗೆ ಏನೋ ಆಗಿದೆ!"

ಹೊರಗೆ ಉದ್ದಕ್ಕೂ ಬಾಗಿಲ ನೆತ್ತಿಯ ಮೇಲೆ ಹಸಿರು ದೀಪಗಳು ಹುಚ್ಚೆದ್ದು ಮಿಟುಕುತ್ತಿದ್ದವು. ಹಿಂದೆಂದೂ ಹೀಗಾಗಿರಲಿಲ್ಲ. ಜನ ಬಾಗಿಲು ತೆರೆದು ಕತ್ತೆತ್ತಿ ನಿಂತಿದ್ದರು.

ಕೀಲಿ ಭಾವ ಕನ್ನಡಕ ಮೇಲಕ್ಕೇರಿಸಿದ. ಅವನಿಗೆ ಏನೂ ತಿಳಿಯಲಿಲ್ಲ. ಹಾಗೆ ತಿಳಿಯದಾಗಲೆಲ್ಲ ಅವನ ಧ್ವನಿ ಗಂಭೀರವಾಗುತ್ತಿತ್ತು. "ಎಚ್ಚರಗೊಂಡಿವೆ. ಎಲ್ಲೋ ಅಪಾಯ ಇದೆ, ಇವಕ್ಕೆ ವಾಸನೆ ಬಡಿದಿದೆ."

"ಅಬ್ಬಾ!" ಎಂದಿತು ಮೂರನೇ ಮಹಡಿ.

ಅದೇ ಹೊತ್ತಿಗೆ ನಾದಿನಿಯ ಫೋನು. "ಅಕ್ಕನಿಗೆ ಹೇಳಿ ಭಾವ, ಒತ್ತುತ್ತಾನೇ ಇರಲಿ, ಬಿಡೋದು ಬೇಡ. ಕಣ್ಣಾಸ್ಪತ್ರೆಯ ತಾಣದ ಮೇಲೆ ಯಾರೋ ಪುಂಡರು ದಾಳಿ ಮಾಡ್ತಿದಾರೆ. ಈಗ ತಾನೆ ಆಸ್ಪತ್ರೆಯವರು ನಮ್ಮನ್ನ ಕೇಳಿದಾರೆ."

ನೋಡಿದಿರಾ, ಎಂಬಂತೆ ಕೀಲಿ ಭಾವ ನೆರೆಹೊರೆಯವರ ಕಡೆ ತಿರುಗಿದ. ಆಸ್ಪತ್ರೆಯ ಮೇಲೆ ದಾಳಿಯಾದರೆ ಇಲ್ಲಿ ದೀಪ ಮಿಟುಕುತ್ತದೆ! ಇಂಥ ಕ್ಯಾಮೆರಾ ಇಂದು ಇರಬೇಕಾದ್ದು ಎಲ್ಲಿ? ಆಸ್ಪತ್ರೆಯಲ್ಲಿ! ಅವನು ಪೆಟ್ಟಿಗೆಯಲ್ಲಿ ಉಳಿದಿದ್ದ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿ, ಡ್ರಿಲ್ಲು ಹೆಗಲಿಗೇರಿಸಿ ಹೊರಟ. ಹೆಡ್ಮಾಸ್ತರು ಮೆಟ್ಟಿಲ ತುದಿಯವರೆಗೆ ಬಂದು ಬೀಳ್ಕೊಟ್ಟರು.

ಆಸ್ಪತ್ರೆಯ ಹಾಲಿನಲ್ಲಿ ಸರದಿ ಸಿಗದ ಜನ ಗೋಡೆಗೊರಗಿ ಕೂತಿದ್ದರು. ಕೌಂಟರಿನ ಹಿಂದೆ ಮ್ಯಾನೇಜರಮ್ಮ ಮೂರು ಫೋನಿನಲ್ಲಿ ಒಟ್ಟಿಗೇ ಮಾತಾಡುತ್ತಿದ್ದರು.

"ಅಮ್ಮಾ, ನಮ್ಮತ್ತೆಗೆ ಒಂದು ಸರದಿ ಬೇಕಿತ್ತು. ನಾನೇ ಖುದ್ದಾಗಿ ಬಂದಿದೀನಿ."

"ತಾಣದಲ್ಲಿ ಬನ್ನಿ."

"ತಾಣ ಬಿದ್ದಿದೆಯಲ್ಲಮ್ಮ. ನಾನು ಇಲ್ಲೇ ನಿಂತಿದೀನಿ."

"ನೀವು ಇಲ್ಲಿ ನಿಂತಿದೀರಿ ಅಂತ ನಮಗೆ ಗೊತ್ತಾಗೋದು ನೀವು ಅಲ್ಲಿ ಬಂದಮೇಲೆ ಸ್ವಾಮಿ. ಕೈಯಲ್ಲಿ ಬರೆದು ಕೊಟ್ಟರೆ ಡಾಕ್ಟರ ಯಂತ್ರ ಒಪ್ಪೋದಿಲ್ಲ. ನನ್ನ ಅಮ್ಮನಿಗೇ ಇನ್ನೂ ಸಿಕ್ಕಿಲ್ಲ. ನೀವ್ಯಾರು?"

ಕೀಲಿ ಭಾವ ಎದೆಯುಬ್ಬಿಸಿದ. "ಜಾಗತಿಕ ಭದ್ರತಾ ತಜ್ಞ."

ಮುಳುಗುವವರಿಗೆ ಕೈಗೆ ಸಿಕ್ಕಿದ್ದೇ ಆಸರೆ ಅನಿಸುವ ಗಳಿಗೆ ಅದು. ಮ್ಯಾನೇಜರಮ್ಮ ಮೂರೂ ಫೋನು ಕೆಳಗಿಟ್ಟು, ಕೈಮುಗಿದೇಬಿಟ್ಟರು. ಒಂದು ಗಂಟೆಯೊಳಗೆ ಹಾಲಿನ ಗೋಡೆಯ ತುಂಬ ಕ್ಯಾಮೆರಾ. ಆಸ್ಪತ್ರೆಯ ಇಂಟರ್ನೆಟ್ಟಿಗೆ ಸೇರಿಸಿ ಸ್ವಲ್ಪ ಹೊತ್ತಾಗುತ್ತಲೇ ಒಂದೊಂದಾಗಿ ಅವೂ ಮಿಟುಕಲು ಹತ್ತಿದವು.

"ನೋಡಿದ್ರಾ? ಕಾಳಗಕ್ಕಿಳಿದವು!"

ಗೋಡೆಗೊರಗಿದ್ದವರು ಚಪ್ಪಾಳೆ ತಟ್ಟಿದರು. ಕಣ್ಣು ಕಾಣದವರೂ ತಟ್ಟಿದರು. ಆದರೆ ಮ್ಯಾನೇಜರಮ್ಮನ ಕಂಪ್ಯೂಟರಿನಲ್ಲಿ ಅದುವರೆಗೆ ತೆವಳುತ್ತಿದ್ದ ಒಂದೆರಡು ಪುಟಗಳೂ ಪೂರ್ತಿ ನಿಂತುಹೋದವು. "ಜೋರು ಯುದ್ಧ ಅಂತ ಕಾಣುತ್ತೆ," ಎಂದು ವಿವರಣೆ ಕೊಟ್ಟು, ಕೀಲಿ ಭಾವ ನಾದಿನಿಯ ಆಫೀಸಿಗೆ ಹೊರಟ. ಸೇನಾಪತಿಯಿಲ್ಲದೆ ಅವಳೊಬ್ಬಳು ಏನು ಮಾಡಿಯಾಳು?

ಅಲ್ಲಿ ಬಾಗಿಲಲ್ಲೇ ಅವನಿಗೆ ಮೊದಲ ಅವಮಾನ. ಗಾಜಿನ ಬಾಗಿಲು, ಬೀಗವಿದೆ, ಬೀಗಕ್ಕೆ ತೂತೇ ಇಲ್ಲ. ಅವನು ಕೆಂಪು ದಾರದ ಕೀಲಿ ಹಿಡಿದು ಬಾಗಿಲನ್ನು ಮೇಲಿಂದ ಕೆಳಗೆ ತಡವಿ ನೋಡಿದ. ನಾದಿನಿ ಬಂದು ಕತ್ತಿನಲ್ಲಿದ್ದ ಕಾರ್ಡನ್ನು ಗೋಡೆಗೆ ಹಿಡಿದಳು. ಬಾಗಿಲು ಬೆಣ್ಣೆಯಂತೆ ಸರಿಯಿತು.

"ಇದೂ ಒಂದು ಬೀಗವಾ?"

"ಒಳಗೆ ಬನ್ನಿ ಭಾವ. ಏನೂ ಮುಟ್ಟಬೇಡಿ."

ಒಳಗೆ ಹೋದವನು ಕತ್ತೆತ್ತಿ ನಿಂತ.

ಇಡೀ ಗೋಡೆಯೇ ಒಂದು ಪರದೆ. ಅದರ ಮೇಲೆ ಕಪ್ಪು ಭೂಪಟ. ಆ ಕತ್ತಲಲ್ಲಿ, ಸಮುದ್ರದಾಚೆಯ ಊರುಗಳಿಂದ, ಅವನು ಹೆಸರೇ ಕೇಳಿರದ ದೇಶಗಳಿಂದ, ಕೆಂಪು ಚುಕ್ಕಿಗಳು ಎದ್ದು, ಸಣ್ಣ ಸಣ್ಣ ಗೆರೆಯಾಗಿ ಹಾರಿ, ಒಂದೇ ಒಂದು ಬಿಂದುವಿನ ಮೇಲೆ ಸುರಿಯುತ್ತಿದ್ದವು. ಮಿಣುಕುಹುಳುಗಳೆಲ್ಲ ಒಂದೇ ಹೂವಿಗೆ ಮುತ್ತಿದ ಹಾಗೆ. ಕಥೆಯಲ್ಲಿ ರಾಕ್ಷಸ ಬಂದರೆ ನೆಲ ಗುಡುಗುತ್ತದೆ, ಗಿಡಮರ ಅಲ್ಲಾಡುತ್ತವೆ. ಇಲ್ಲಿ ಗುಡುಗಿಲ್ಲ, ಕೂಗಿಲ್ಲ. ಎಸಿಯ ಗುಂಯ್ ಎಂಬ ಸದ್ದು, ಯಾರೋ ಬಿಸ್ಕತ್ತು ಕಡಿದ ಸದ್ದು, ಅಷ್ಟೇ. ಅಷ್ಟು ಮೆತ್ತಗೆ ಬರುವ ರಾಕ್ಷಸನನ್ನು ಅವನು ಕಂಡಿರಲಿಲ್ಲ.

"ಆ ಬಿಂದು..."

"ಕಣ್ಣಾಸ್ಪತ್ರೆ," ಎಂದಳು ನಾದಿನಿ. "ಕೌಂಟರ್ ಮುಂದೆ ಹತ್ತಾರು ಲಕ್ಷ ಜನ ಬಂದು 'ಡಾಕ್ಟ್ರಿದಾರಾ?' ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳದೆ ಮತ್ತೆ ಸಾಲಿಗೆ ಬಂದು ನಿಂತ್ರೆ ಹೇಗಿರುತ್ತೆ? ಯಾರೂ ಕಲ್ಲೆಸೆಯಲ್ಲ, ಯಾರೂ ಬೀಗ ಒಡೆಯಲ್ಲ. ಬಾಗಿಲು ತಟ್ಟುತ್ತಾರೆ, ಅಷ್ಟೇ. ಅಮ್ಮನಂಥವರು ಆ ಜಾತ್ರೆಯ ಹಿಂದೆ ಎಲ್ಲೋ ನಿಂತಿರ್ತಾರೆ."

"ಇಷ್ಟು ಕೆಟ್ಟ ಜನ ಇದಾರಾ ಲೋಕದಲ್ಲಿ?"

"ಕೆಟ್ಟವರು ಇಬ್ಬರೋ ಮೂವರೋ ಇರಬಹುದು. ಇವೆಲ್ಲ ಜನ ಅಲ್ಲ ಭಾವ, ಮನೆಸಾಮಾನು. ದೀಪ, ಫ್ರಿಜ್ಜು, ಬಾಗಿಲ ಕ್ಯಾಮೆರಾ. ಪಾಸ್‌ವರ್ಡ್ ಬದಲಿಸದೆ ಬಿಟ್ಟಿರೋ ಸಾಮಾನನ್ನ ಹುಡುಕಿ, ಒಳಗೆ ಹೊಕ್ಕು, 'ನಡೀರಿ' ಅಂತ ಹೊರಡಿಸ್ತಾರೆ. ಮನೆಯವರಿಗೆ ಗೊತ್ತೇ ಆಗಲ್ಲ. ದೀಪ ಸ್ವಲ್ಪ ಜೋರಾಗಿ ಮಿಟುಕುತ್ತೆ, ಅಷ್ಟೇ."

ಕೀಲಿ ಭಾವನ ಕನ್ನಡಕ ಮೂಗಿನಿಂದ ಪೂರ್ತಿ ಜಾರಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಇಲ್ಲೇ ನಮ್ಮೂರಲ್ಲೂ ಒಂದು ಗೊಂಚಲಿದೆ, ನೋಡಿ," ಎಂದು ನಾದಿನಿ ಭೂಪಟವನ್ನು ಹಿಗ್ಗಿಸಿದಳು. ದೇಶ ಊರಾಯಿತು, ಊರು ಬೀದಿಯಾಯಿತು. ಬೀದಿಯಲ್ಲಿ ಒಂದು ಕಟ್ಟಡ ಕೆಂಡದ ರಾಶಿಯ ಹಾಗೆ ಹೊಳೆಯುತ್ತಿತ್ತು. ಅವಳು ಅದನ್ನು ನೋಡಿದಳು. ಭಾವನನ್ನು ನೋಡಿದಳು. ಮತ್ತೆ ಅದನ್ನು ನೋಡಿದಳು.

"ಭಾವ, ಆ ಕಾಫಿ ಕುಡಿದ್ರಾ?"

ಅವನ ಒಂದು ಕೈ ಸೊಂಟದ ಕೀಲಿಗೊಂಚಲನ್ನು ಮುಚ್ಚಿಕೊಂಡಿತು.

"ಇನ್ನೂ ಒಂದು ವಿಚಿತ್ರ ಇದೆ. ಒಂದು ಗಂಟೆಯಿಂದ ಆಸ್ಪತ್ರೆಯ ಹಾಲಿನ ಒಳಗಿಂದಲೇ ಆಸ್ಪತ್ರೆ ಮೇಲೆ ದಾಳಿ ಆಗ್ತಿದೆ. ಅದ್ಹೇಗೆ ಅಂತ ನಮ್ಮಲ್ಲಿ ಯಾರಿಗೂ..."

ಕೀಲಿ ಭಾವ ಕೈಯಲ್ಲಿದ್ದ ಡ್ರಿಲ್ಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಸಾಕಾಯಿತು. ನಾದಿನಿ ಕುರ್ಚಿಯ ಮೇಲೆ ಕುಸಿದು, ಮೊದಲು ಅತ್ತಳೋ ನಕ್ಕಳೋ ಪಕ್ಕದವರಿಗೆ ತಿಳಿಯಲಿಲ್ಲ.

ಅವನು ಹೆಡ್ಮಾಸ್ತರಿಗೆ ಫೋನು ಹಚ್ಚಿದ. "ಮೇಷ್ಟ್ರೇ, ಎಲ್ಲ ಮನೆಯ ಕ್ಯಾಮೆರಾ ವೈರು ಕೀಳಿಸಿ! ಈಗಲೇ!"

"ಯಾಕೆ ಭಾವ, ಗೆದ್ದುಬಿಟ್ರಾ?"

"ಶತ್ರು ನಾವೇ ಮೇಷ್ಟ್ರೇ!"

ಹೆಡ್ಮಾಸ್ತರು ಶಾಲೆಯ ಹಳೆಯ ಸೀಟಿ ಊದುತ್ತ ಮಹಡಿಯಿಂದ ಮಹಡಿಗೆ ಓಡಿದ ಸದ್ದು ಫೋನಿನಲ್ಲಿ ಕೇಳಿಸಿತು. ಪರದೆಯ ಮೇಲೆ ಕೆಂಡ ಒಂದೊಂದಾಗಿ ಆರುತ್ತ ಬಂದು, ಕಟ್ಟಡ ಕಪ್ಪಾಯಿತು. ಕೀಲಿ ಭಾವ ಉಸಿರು ಬಿಟ್ಟು, ಈಗ ಎಲ್ಲ ಸರಿಹೋಯಿತು ಎಂದು ಕಾದ. ನಾದಿನಿ ಭೂಪಟವನ್ನು ಮತ್ತೆ ಚಿಕ್ಕದು ಮಾಡಿದಳು. ಒಂದು ಹಿಡಿ ಚುಕ್ಕಿ ಇಲ್ಲವಾಗಿತ್ತು. ಉಳಿದ ಆಕಾಶ ಹಾಗೇ ಉರಿಯುತ್ತಿತ್ತು. ಲೋಕದಲ್ಲಿ ತನ್ನಂಥ ಕೀಲಿ ಭಾವಂದಿರು ಎಷ್ಟಿದ್ದಾರೆ ಎಂದು ಅವನಿಗೆ ಅಂದು ಗೊತ್ತಾಯಿತು.

"ನಾವು ಮಾಡೋದು ಬೇರೆ ಇದೆ," ಎಂದಳು ನಾದಿನಿ. "ಆದ್ರೆ ಆಸ್ಪತ್ರೆಯ ತಾಣದ ವಿಳಾಸವನ್ನ ಸ್ವಲ್ಪ ಕಾಲ ನಮ್ಮ ಕೈಗೆ ಕೊಡಬೇಕು. ಮ್ಯಾನೇಜರ್ ಒಪ್ತಾ ಇಲ್ಲ. ಯಾರೋ ದೊಡ್ಡ ತಜ್ಞರು ಬಂದು ಎಲ್ಲ ವ್ಯವಸ್ಥೆ ಮಾಡಿ ಹೋಗಿದಾರಂತೆ. ಅವರನ್ನ ಕೇಳದೆ ಕೊಡಲ್ಲ ಅಂತಿದಾರೆ."

ಕೀಲಿ ಭಾವ ಫೋನಿಗೆ ಕೈ ಚಾಚಿದ. ಮುಸುಕು ಹೊದ್ದ ಯಂತ್ರ ಅವನ ಕಣ್ಣಮುಂದೆ ಬಂದಿತ್ತು.

"ಅಮ್ಮಾ, ನಾನು. ಗೋಡೆ ಮೇಲೆ ನಾನು ಹಾಕಿದ್ದೆಲ್ಲ ಕಿತ್ತುಹಾಕಿ. ನಿಮ್ಮನ್ನ ಹೊಡೀತಿರೋದು ಅವೇ. ನಾನು ತಜ್ಞ ಅಲ್ಲ. ಬೀಗ ರಿಪೇರಿಯವನು. ತಾಣ ಕಾಯೋ ಆ ಹುಡುಗಿ ಕೇಳಿದ್ದನ್ನ ಅವಳಿಗೇ ಕೊಡಿ."

ಆ ಕಡೆ ಗೋಡೆಯಿಂದ ವೈರು ಕೀಳುವ ಪಟಪಟ ಸದ್ದು. ಆಮೇಲೆ ಮ್ಯಾನೇಜರಮ್ಮನ ಧ್ವನಿ: "ಆ ಹುಡುಗಿಗೆ ಹೇಳಿ, ಬಾಗಿಲು ಅವಳ ಕೈಗೇ ಕೊಟ್ಟಿದೀನಿ. ನಿಮ್ಮ ಕೈಗೆ ಸಿಗದ ಹಾಗೆ ನೋಡಿಕೊಳ್ಳೋಕೆ ಹೇಳಿ."

ನಾದಿನಿಯ ಬೆರಳು ಕೀಲಿಮಣೆಯ ಮೇಲೆ ಓಡಿತು. "ಈಗ ನೋಡಿ ಭಾವ. ಇಷ್ಟು ಹೊತ್ತು ಆಸ್ಪತ್ರೆಗೆ ಒಂದೇ ಬಾಗಿಲಿತ್ತು. ಇನ್ನು ಮೇಲೆ ಅದೇ ಬಾಗಿಲು ಭೂಮಿ ಮೇಲೆ ನೂರಾರು ಕಡೆ ಇರುತ್ತೆ. ಯಾರು ಎಲ್ಲಿಂದ ಹೊರಟ್ರೂ ಅವರಿಗೆ ಹತ್ತಿರದ ಬಾಗಿಲೇ ಸಿಗುತ್ತೆ."

"ಒಂದೇ ಬಾಗಿಲು ನೂರು ಕಡೆ ಹೇಗೆ ಇರುತ್ತೆ?"

"ಇರುತ್ತೆ."

ನಲವತ್ತು ಬಾಗಿಲಿಗೆ ಒಂದು ಕೀಲಿ ಎಂಬುದೇ ಬುದ್ಧಿಯ ತುತ್ತತುದಿ ಎಂದುಕೊಂಡಿದ್ದವನು, ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ. ಭೂಪಟದಲ್ಲಿ, ದ್ವೀಪಗಳಲ್ಲಿ, ಮರಳುಗಾಡಿನ ಅಂಚಿನಲ್ಲಿ, ಹಿಮದ ಊರುಗಳಲ್ಲಿ, ನೀಲಿ ದೀಪಗಳು ಹೊತ್ತಿಕೊಂಡವು. ಒಂದೇ ಕಡೆ ಸುರಿಯುತ್ತಿದ್ದ ಕೆಂಪು ಗೆರೆಗಳು ನಡುದಾರಿಯಲ್ಲಿ ತಡವರಿಸಿ, ಕವಲೊಡೆದು, ತಂತಮ್ಮ ಹತ್ತಿರದ ನೀಲಿಯ ಕಡೆ ಹೊರಳಿದವು. ಆ ಮಹಾಪ್ರವಾಹ ನೂರು ಕಾಲುವೆಯಾಗಿ ಹರಿದು, ಒಂದೊಂದು ದೀಪದ ಬುಡದಲ್ಲೂ ಮರಳಿಗೆ ಬಿದ್ದ ನೀರಿನ ಹಾಗೆ ಇಂಗಿಹೋಯಿತು. ಒಂದು ಬಾಗಿಲೂ ಮುರಿಯಲಿಲ್ಲ. ಒಬ್ಬರಿಗೂ ಏಟಾಗಲಿಲ್ಲ. ಇಷ್ಟು ದೊಡ್ಡ ಯುದ್ಧವನ್ನು ಗೆದ್ದವರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

"ಒಳ್ಳೆಯವರು ಯಾರು ಅಂತ ಬಾಗಿಲಿಗೆ ಹೇಗೆ ಗೊತ್ತಾಗುತ್ತೆ?" ಅವನ ಧ್ವನಿ ಪಿಸುಮಾತಾಗಿತ್ತು.

"ಒಂದು ಪುಟ್ಟ ಲೆಕ್ಕ ಕೊಡುತ್ತೆ. ನಿಜವಾದವರ ಫೋನು ಅದನ್ನ ಮಾಡಿ ತೋರಿಸುತ್ತೆ. ಬರೀ ತಟ್ಟೋಕೆ ಬಂದಿರೋ ಕ್ಯಾಮೆರಾಗೆ ಲೆಕ್ಕ ಎಲ್ಲಿಂದ ಬರಬೇಕು?"

ಆಗ ಪರದೆಯ ಮೇಲೆ, ಆರುತ್ತಿದ್ದ ಕೆಂಪಿನ ನಡುವೆ, ಅಲ್ಲೊಂದು ಇಲ್ಲೊಂದು ಬಿಳಿಯ ಎಳೆ ಮೂಡಿ, ನೀಲಿ ದೀಪವನ್ನು ದಾಟಿ, ಆಸ್ಪತ್ರೆಯನ್ನು ಮುಟ್ಟತೊಡಗಿತು. ಸೂಜಿಯ ತೂತಿನಲ್ಲಿ ದಾರ ಹೋದ ಹಾಗೆ. ಒಂದು ಬಿಳಿ ಎಳೆ ಅವನ ಬೀದಿಯಿಂದ ಎದ್ದಿತು. ಅವನು ಉಸಿರು ಹಿಡಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ರೀ! ಒಳಗೆ ಬಿಟ್ರು! ಅಮ್ಮನಿಗೆ ಸರದಿ ಸಿಕ್ತು!" ಹೆಂಡತಿಯ ಧ್ವನಿಯ ಹಿಂದೆ ಹೆಡ್ಮಾಸ್ತರು ಮತ್ತೆ ಸೀಟಿ ಊದುತ್ತಿದ್ದರು.

ಕೋಟಿ ಸುಳ್ಳು ತಟ್ಟುಗಳ ನಡುವೆ ಒಂದು ನಿಜವಾದ ತಟ್ಟು ಯಾರಿಗೋ ಕೇಳಿಸಿತಲ್ಲ ಎಂದು ಕೀಲಿ ಭಾವ ಬಹಳ ಹೊತ್ತು ಆ ಗೋಡೆಯನ್ನೇ ನೋಡುತ್ತ ನಿಂತ. ಅವನನ್ನು ಹೊರಗೆ ಕಳಿಸಲು ನಾದಿನಿ ಎರಡು ಸಲ ಕಾರ್ಡು ಹಿಡಿಯಬೇಕಾಯಿತು.

ಮರುದಿನ ಹಳೆಯ ಹಲಗೆ ಮತ್ತೆ ಏರಿತು. ಆಮೇಲೆ ಅವನು ಏಣಿ ಹೊತ್ತು ಮನೆಮನೆಗೆ ಹೋಗಿ, ಒಂದೊಂದು ಬೀಗಕ್ಕೆ ಒಂದೊಂದು ಕೀಲಿ ಮಾಡಿಕೊಟ್ಟು, ಕ್ಯಾಮೆರಾ ವೈರು ಮತ್ತೆ ಸಿಕ್ಕಿಸಿದ. "ಪಾಸ್‌ವರ್ಡ್ ನೀವೇ ಇಡಿ. ನನಗೆ ಹೇಳಬೇಡಿ," ಎಂದು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಜನಕ್ಕೆ ಇದು ಒಗ್ಗಲಿಲ್ಲ. ಹೆಡ್ಮಾಸ್ತರು ತಮ್ಮದನ್ನು ಜೋರಾಗಿ ಹೇಳಿಕೊಂಡೇ ಒತ್ತಿದರು.

"ಮೇಷ್ಟ್ರೇ, ಕೇಳಿಸ್ತು. ಬೇರೆ ಇಡಿ."

"ಮರೆತರೆ ಏನು ಮಾಡ್ಲಿ?"

"ನನ್ನನ್ನ ಕೂಗಬೇಡಿ."

ಒಂದೊಂದು ಮನೆಯಲ್ಲೂ ಹೀಗೇ ಹೊತ್ತು ಹೋಗಿ, ಕೊನೆಗೆ ಒಂದು ಬಾಗಿಲು ಉಳಿಯಿತು: ಅವನದೇ. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದು ಹೋಗಿದ್ದರು. ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿಯಾಗಿತ್ತು. ಅಂದು ಬೆಳಿಗ್ಗೆ ಯಂತ್ರದ ಮುಸುಕು ತೆಗೆದು, ಕಿಟಕಿಯ ಬೆಳಕಿನಲ್ಲಿ ಸೂಜಿ ಹಿಡಿದು ಕೂತಿದ್ದರು.

"ಅಳಿಯಂದ್ರೇ, ಆ ಕೀಲಿಗೆ ಕಟ್ಟಿರೋ ಕೆಂಪು ದಾರ ಕೊಡಿ ಇಲ್ಲಿ. ಇನ್ನು ಅದಕ್ಕೆ ಯಾಕೆ ಶೃಂಗಾರ?"

ಅವನು ಬಿಚ್ಚಿ ಕೊಟ್ಟ. ಅತ್ತೆ ಅದರ ಒಂದು ಎಳೆ ಬಿಡಿಸಿ, ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಸೂಜಿಯಲ್ಲಿ ದಾಟಿಸಿದರು. ಹೆಂಡತಿ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡಳು. ಅತ್ತೆ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ, "ಈಗ ಫೋನು ಕೊಡಿ. ನಮ್ಮನೆ ಪಾಸ್‌ವರ್ಡ್ ನಾನೇ ಇಡ್ತೀನಿ. ಆ ಕಡೆ ತಿರುಗಿ," ಎಂದರು.

"ನಾನು ಮನೆ ಯಜಮಾನ ಅತ್ತೆ..."

"ತಿರುಗಿ."

ಕೀಲಿ ಭಾವ ಗೋಡೆಯ ಕಡೆ ತಿರುಗಿದ. ಬೆನ್ನ ಹಿಂದೆ, ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುವ ಸದ್ದು ನಿಧಾನವಾಗಿ ಕೇಳಿಸಿತು. ಬಾಗಿಲ ಮೇಲಿನ ಹಸಿರು ದೀಪ ಒಮ್ಮೆ ಮಿಟುಕಿ, ನೆಟ್ಟಗೆ ನಿಂತಿತು.

"ಹೂಂ, ಆಯ್ತು," ಎಂದರು ಅತ್ತೆ. "ಈಗ ಹೋಗಿ ಆ ಕಾಫಿ ಕುಡೀರಿ."